ಆನೆ ಕೊಟ್ಟರೆ ಏನು ಸಿಗುತ್ತದೆ: ಟಿಗ್ರಾನ್ ಪೆಟ್ರೋಸಿಯನ್ ಅವರ ಚೆಸ್

(ಚೆಸ್ ಆಸಕ್ತರ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಬೋರ್ಡು ತಂದವರು ಮೊದಲು ಈ ಸ್ಥಿತಿಯನ್ನು ಜೋಡಿಸಿಕೊಳ್ಳಿ. ಎಡದಿಂದ ಬಲಕ್ಕೆ ಫೈಲುಗಳನ್ನು, ಅಂದರೆ ಉದ್ದ ಸಾಲುಗಳನ್ನು, ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದೇ ಕರೆಯೋಣ. ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8.

ಬಿಳಿ: ರಾಜ ಜಿ1, ರಾಣಿ ಎಫ್4, ಆನೆಗಳು ಇ1 ಮತ್ತು ಇ3, ಒಂಟೆಗಳು ಬಿ2 ಮತ್ತು ಜಿ4, ಕಾಲಾಳುಗಳು ಎ3, ಸಿ3, ಡಿ4, ಇ5, ಜಿ2, ಎಚ್2.

ಕಪ್ಪು: ರಾಜ ಜಿ8, ರಾಣಿ ಇ8, ಆನೆಗಳು ಇ7 ಮತ್ತು ಡಿ8, ಒಂಟೆ ಜಿ6, ಕುದುರೆ ಸಿ6, ಕಾಲಾಳುಗಳು ಎ5, ಬಿ5, ಸಿ4, ಎಫ್7, ಜಿ7, ಎಚ್7.

ಇದು 1953ರ ಜ್ಯೂರಿಕ್ ಕ್ಯಾಂಡಿಡೇಟ್ಸ್ ಟೂರ್ನಿಯ, ಅಂದರೆ ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಟೂರ್ನಿಯ ಆಟ. ಬಿಳಿ ಕಾಯಿ ಸ್ಯಾಮ್ಯುಯೆಲ್ ರೆಶೆವ್ಸ್ಕಿ ಅವರದು, ಕಪ್ಪು ಮುಂದೆ ವಿಶ್ವ ಚಾಂಪಿಯನ್ ಆದ ಟಿಗ್ರಾನ್ ಪೆಟ್ರೋಸಿಯನ್ ಅವರದು. 25ನೆಯ ನಡೆ, ಈಗ ಕಪ್ಪಿನ ಸರದಿ. ಎರಡೂ ಕಡೆ ಆರಾರು ಕಾಲಾಳು, ಎರಡೆರಡು ಆನೆ. ಎಣಿಕೆಯಲ್ಲಿ ಸರಿಸಮ, ಆದರೆ ಕಪ್ಪಿಗೆ ಉಸಿರು ಕಟ್ಟುವ ಸ್ಥಿತಿ. ಬಿಳಿ ಇ5ರ ಕಾಲಾಳನ್ನು ಇ6ಕ್ಕೆ ತಳ್ಳಲು ಕಾದು ಕೂತಿದೆ. ತಳ್ಳಿದರೆ ಇ ಫೈಲು ಸೀಳಿಕೊಂಡು ಎರಡು ಆನೆಗಳೂ ನುಗ್ಗುತ್ತವೆ, ಹಿಂದೆಯೇ ಡಿ4ರ ಕಾಲಾಳು ಹೊರಡುತ್ತದೆ.

ಕಪ್ಪಿಗೆ ಬೇಕಾದದ್ದು ಒಂದೇ: ಸಿ6ರ ಕುದುರೆ ಡಿ5ಕ್ಕೆ ಬರಬೇಕು. ಅಲ್ಲಿ ಕೂತರೆ ಡಿ4ರ ಕಾಲಾಳು ಅಲ್ಲಾಡುವುದಿಲ್ಲ. ದಾರಿ ಇರುವುದು ಇ7ರ ಮೂಲಕ. ಇ7ರಲ್ಲಿ ತನ್ನದೇ ಆನೆ ನಿಂತಿದೆ. ಆನೆ ಪಕ್ಕಕ್ಕೆ ಸರಿದರೆ ಬಿಳಿ ಇ6 ತಳ್ಳುತ್ತದೆ, ಸರಿಯದಿದ್ದರೆ ಕುದುರೆಗೆ ದಾರಿಯಿಲ್ಲ.

ಪೆಟ್ರೋಸಿಯನ್ ಆನೆಯನ್ನು ಇ7ರಿಂದ ಇ6ಕ್ಕೆ ಇಟ್ಟರು, ಜಿ4ರ ಒಂಟೆಯ ಬಾಯಿಗೆ ಸರಿಯಾಗಿ.

ಚೆಸ್ ಕಲಿತವರು ಸಾಮಾನ್ಯವಾಗಿ ಹೇಳಿಕೊಳ್ಳುವ ಲೆಕ್ಕದಲ್ಲಿ ಆನೆಗೆ ಐದು, ಒಂಟೆಗೆ ಮೂರು. ಎರಡು ಅಂಕ ಸುಮ್ಮನೆ ಹೋಯಿತು. ಆದರೆ ಆನೆ ಇ6ರಲ್ಲಿ ನಿಂತ ಕೂಡಲೇ ಎರಡು ಕೆಲಸ ಆದವು. ಬಿಳಿಯ ಇ ಕಾಲಾಳು ಇದ್ದಲ್ಲೇ ನಿಂತಿತು, ಇ7 ಮನೆ ಖಾಲಿಯಾಯಿತು. ರೆಶೆವ್ಸ್ಕಿ ತಕ್ಷಣ ಹೊಡೆಯಲಿಲ್ಲ, 26ರಲ್ಲಿ ಎ4 ತಳ್ಳಿ ಬಿ5ರ ಕಾಲಾಳನ್ನು ಕೆಣಕಿದರು. ಕುದುರೆ ಇ7ಕ್ಕೆ ಹೋಯಿತು. 27ರಲ್ಲಿ ಒಂಟೆ ಆನೆಯನ್ನು ಹೊಡೆಯಿತು, ಎಫ್7ರ ಕಾಲಾಳು ಒಂಟೆಯನ್ನು ಹೊಡೆದು ಇ6ರಲ್ಲಿ ನಿಂತಿತು. ಮರುನಡೆಗೆ ಕುದುರೆ ಡಿ5ರಲ್ಲಿ.

ಈಗ ಬೋರ್ಡು ನೋಡಿ. ಆ ಕುದುರೆಯನ್ನು ಯಾರು ಅಲ್ಲಿಂದ ಎಬ್ಬಿಸಬಲ್ಲರು? ಬಿಳಿಯ ಸಿ3ರ ಕಾಲಾಳಿಗೆ ಸಿ4ರಲ್ಲಿ ಅಡ್ಡ ಇದೆ. ಇ ಕಾಲಾಳು ಆಗಲೇ ದಾಟಿ ಹೋಗಿದೆ. ಡಿ5 ಬಿಳಿ ಬಣ್ಣದ ಮನೆ, ಆ ಬಣ್ಣದ ಒಂಟೆ ಆನೆಯ ಬದಲಿಗೆ ಹೋಗಿದೆ. ಉಳಿದ ಬಿ2ರ ಒಂಟೆ ಕಪ್ಪು ಮನೆಗಳದ್ದು, ಅದರ ಎದುರಿಗೆ ತನ್ನದೇ ಸಿ3ರ ಕಾಲಾಳು. ಬಿಳಿಯ ಎರಡು ಆನೆಗಳ ಕಥೆಯೂ ಇಷ್ಟೇ: ತಮ್ಮದೇ ಇ5ರ ಕಾಲಾಳಿನ ಬೆನ್ನು ನೋಡುತ್ತ ನಿಂತಿವೆ. ಫೈಲಿಲ್ಲದ ಆನೆಗೆ ಐದು ಅಂಕ ಎಂದು ಯಾರು ಹೇಳಿದರು?

29ರಲ್ಲಿ ಬಿಳಿ ಆನೆ ಎಫ್3ಕ್ಕೆ ಬಂದಿತು. ಕಪ್ಪು ಒಂಟೆ ಡಿ3ಕ್ಕೆ ಹಾರಿ 28ರಲ್ಲಿ ಎಫ್4ರಿಂದ ಎಫ್1ಕ್ಕೆ ಸರಿದಿದ್ದ ಬಿಳಿ ರಾಣಿಯನ್ನು ಗುರಿ ಮಾಡಿತು. ರೆಶೆವ್ಸ್ಕಿ ಆನೆಯಿಂದ ಒಂಟೆಯನ್ನು ಹೊಡೆದು, ಪಡೆದ ಎಕ್ಸ್‌ಚೇಂಜನ್ನು (ಒಂಟೆ ಕೊಟ್ಟು ಆನೆ ಪಡೆದ ಲಾಭವನ್ನು) ಹಿಂದಿರುಗಿಸಿ ಒಂದು ಕಾಲಾಳು ಗಳಿಸಿಕೊಂಡರು. ಕಪ್ಪು ಬಿ ಕಾಲಾಳನ್ನು ಮುಂದೆ ಓಡಿಸಿತು, ಅದು ಬಿ2 ಮುಟ್ಟಿತು. 41ನೆಯ ನಡೆಗೆ ಡ್ರಾ.

ಪೆಟ್ರೋಸಿಯನ್ ಹೆಸರಿನ ಜೊತೆ ಎಲ್ಲರೂ ನೆನೆಯುವ ಈ ಆಟ ಗೆದ್ದ ಆಟವಲ್ಲ, ಡ್ರಾ. ಅದನ್ನು ಮರೆತರೆ ಈ ಮನುಷ್ಯನ ಚೆಸ್ ಅರ್ಥವಾಗುವುದಿಲ್ಲ.

ಶಬ್ದಗಳ ಬಗ್ಗೆ ಒಂದು ಮಾತು. ನಾವು ಆನೆ ಎನ್ನುವುದು ರೂಕ್‌ಗೆ, ಒಂಟೆ ಎನ್ನುವುದು ಬಿಷಪ್‌ಗೆ. ರಷ್ಯನ್ನರಿಗೆ ಬಿಷಪ್ಪೇ ಆನೆ, ರೂಕು ದೋಣಿ. ನಾವು ಎಕ್ಸ್‌ಚೇಂಜ್ ಎನ್ನುವ ಆನೆ-ಒಂಟೆಗಳ ನಡುವಿನ ವ್ಯತ್ಯಾಸಕ್ಕೆ ಅವರು ಹೇಳುವ ಪದ ‘ಕಾಚೆಸ್ತ್ವೊ’, ಅಂದರೆ ಗುಣಮಟ್ಟ. ಪೆಟ್ರೋಸಿಯನ್ ಮಟ್ಟಿಗೆ ಆ ಪದ ಚೆನ್ನಾಗಿ ಹೊಂದುತ್ತದೆ. ಕಾಯಿಯ ಗುಣ ಕಾಯಿಯಲ್ಲಿಲ್ಲ, ಅದು ನಿಂತ ಮನೆಯಲ್ಲಿದೆ ಎಂದು ಅವರು ಆಡಿ ತೋರಿಸಿದರು.

ಬದುಕಿನ ವಿವರಗಳನ್ನು ಬೇಗ ಮುಗಿಸುತ್ತೇನೆ. 1929ರ ಜೂನ್ 17ರಂದು ಜಾರ್ಜಿಯಾದ ಟಿಬಿಲಿಸಿಯಲ್ಲಿ ಅರ್ಮೇನಿಯನ್ ಕುಟುಂಬದಲ್ಲಿ ಹುಟ್ಟು. ಎರಡನೆಯ ಮಹಾಯುದ್ಧದ ವೇಳೆಗೆ ತಂದೆ ತಾಯಿ ಇಬ್ಬರೂ ಇಲ್ಲ. ಹುಡುಗ ಬೀದಿ ಗುಡಿಸಿ ಹೊಟ್ಟೆ ಹೊರೆದ. ಕಿವಿ ಮಂದವಾದದ್ದೂ ಆ ವಯಸ್ಸಿನಲ್ಲೇ. ಟಿಬಿಲಿಸಿಯ ಪಯೊನೀರ್ ಅರಮನೆಯಲ್ಲಿ (ಸೋವಿಯತ್ ಮಕ್ಕಳ ಕ್ಲಬ್ಬಿನಲ್ಲಿ) ಆರ್ಚಿಲ್ ಎಬ್ರಲಿಡ್ಜೆ ಅವರಲ್ಲಿ ಪಾಠ, ಮನೆಯಲ್ಲಿ ಚೆಸ್ ಚಿಂತಕ ನಿಮ್ಜೊವಿಚ್ ಪುಸ್ತಕದ ಓದು. ಆಮೇಲೆ ಯೆರೆವಾನ್, 1949ರಲ್ಲಿ ಮಾಸ್ಕೊ, 1952ರಲ್ಲಿ ಗ್ರ್ಯಾಂಡ್‌ಮಾಸ್ಟರ್. ಸೋವಿಯತ್ ಚಾಂಪಿಯನ್ ಆದದ್ದು ನಾಲ್ಕು ಸಲ: 1959, 1961, 1969, 1975. ವಿಶ್ವ ಚಾಂಪಿಯನ್ ಆಗಿದ್ದದ್ದು 1963ರಿಂದ 1969ರವರೆಗೆ. ತೀರಿಕೊಂಡದ್ದು 1984ರ ಆಗಸ್ಟ್ 13ರಂದು ಮಾಸ್ಕೊದಲ್ಲಿ.

ನಿಮ್ಜೊವಿಚ್ ಕೊಟ್ಟ ಒಂದು ಪದ ಪ್ರೊಫಿಲ್ಯಾಕ್ಸಿಸ್, ಮುನ್ನೆಚ್ಚರಿಕೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತೇವಲ್ಲ, ಅದರ ತದ್ವಿರುದ್ಧ. ಕೊಳ್ಳೆಗಾರನಿಗೆ ಕೊಳ್ಳೆಯ ಯೋಚನೆ ಹುಟ್ಟುವ ಮೊದಲೇ ಬಾಗಿಲು ಹಾಕಿರಬೇಕು. ಮಾಡುವುದು ಹೇಗೆ? ನಿಮ್ಮ ನಡೆ ಯೋಚಿಸುವ ಮೊದಲು, ಸರದಿ ಎದುರಾಳಿಯದು ಎಂದುಕೊಂಡು ಬೋರ್ಡು ನೋಡಿ. ಅವನು ಏನು ಆಡಲು ಇಷ್ಟಪಡುತ್ತಾನೆ? ಆಡಿದರೆ ನನಗೆ ನಿಜಕ್ಕೂ ನೋವಾಗುತ್ತದೆಯೇ? ಆಗುವುದಾದರೆ ತಡೆಯಲು ತೆರಬೇಕಾದ ಬೆಲೆ ಎಷ್ಟು: ಒಂದು ನಡೆಯೇ, ಒಂದು ಕಾಲಾಳೇ, ಒಂದು ಎಕ್ಸ್‌ಚೇಂಜೇ? ನಮ್ಮಲ್ಲಿ ಹೆಚ್ಚಿನವರು ಎಡವುವುದು ಎರಡನೆಯ ಪ್ರಶ್ನೆಯಲ್ಲಿ. ಆಗದ ದಾಳಿಯನ್ನು ತಡೆಯಲು ಮೂರು ನಡೆ ಕಳೆದು, ನಿಜವಾದ ದಾಳಿ ಬಂದಾಗ ಸಮಯವಿಲ್ಲದೆ ಕೂರುತ್ತೇವೆ.

ಪೆಟ್ರೋಸಿಯನ್ ಹೆಸರು ಹೊತ್ತ ಓಪನಿಂಗ್‌ಗಳಲ್ಲೂ (ಆಟದ ಮೊದಲ ನಡೆಗಳ ಪದ್ಧತಿಗಳಲ್ಲೂ) ಇದೇ ಬುದ್ಧಿ. ಕ್ವೀನ್ಸ್ ಇಂಡಿಯನ್‌ನಲ್ಲಿ ಬಿಳಿಯ ನಾಲ್ಕನೆಯ ನಡೆ ಎ3. ಮೂಲೆಯ ಕಾಲಾಳನ್ನು ಒಂದು ಮನೆ ತಳ್ಳುವುದು, ಕಾಯಿ ಹೊರ ತೆಗೆಯುವ ಹೊತ್ತಿನಲ್ಲಿ ಸೋಮಾರಿತನದಂತೆ ಕಾಣುತ್ತದೆ. ಉದ್ದೇಶ, ಕಪ್ಪು ಒಂಟೆ ಬಿ4ಕ್ಕೆ ಬಂದು ಸಿ3ರ ಕುದುರೆಯನ್ನು ಕಟ್ಟಿಹಾಕದಂತೆ ನೋಡಿಕೊಳ್ಳುವುದು. ಆ ಕುದುರೆ ಬಿಡುಗಡೆಯಾಗಿದ್ದರೆ ಡಿ5 ಮತ್ತು ಇ4 ಎರಡೂ ಬಿಳಿಯ ಕೈಯಲ್ಲಿ. ಕಿಂಗ್ಸ್ ಇಂಡಿಯನ್‌ನಲ್ಲಿ ಏಳನೆಯ ನಡೆಗೆ ಡಿ5 ತಳ್ಳಿ ನಡುವನ್ನು ಮುಚ್ಚಿ, ಆಮೇಲೆ ಒಂಟೆಯನ್ನು ಜಿ5ಕ್ಕೆ ತರುವುದು ಪೆಟ್ರೋಸಿಯನ್ ಪದ್ಧತಿ. ಕಪ್ಪಿನ ಇಡೀ ಯೋಜನೆ ಎಫ್6ರ ಕುದುರೆ ಸರಿಸಿ ಎಫ್5 ತಳ್ಳುವುದು. ಒಂಟೆ ಆ ಕುದುರೆಯನ್ನೇ ಹಿಡಿಯುತ್ತದೆ. ಬಿಡಿಸಿಕೊಳ್ಳಲು ಕಪ್ಪು ಎಚ್6, ಜಿ5 ತಳ್ಳಬೇಕು, ತಳ್ಳಿದರೆ ಎಫ್5 ಮನೆ ಸಡಿಲ.

ಇನ್ನು 1966ರ ವಿಶ್ವ ಚಾಂಪಿಯನ್‌ಶಿಪ್, ಬೋರಿಸ್ ಸ್ಪಾಸ್ಕಿ ಎದುರಿನ ಏಳನೆಯ ಆಟ. ಕಪ್ಪು ಪೆಟ್ರೋಸಿಯನ್. 16ರಲ್ಲಿ ಅವರು ರಾಣಿ ಕಡೆಗೆ ಕ್ಯಾಸ್ಲಿಂಗ್ (ರಾಜನನ್ನೂ ಆನೆಯನ್ನೂ ಒಟ್ಟಿಗೆ ಸರಿಸುವ ನಡೆ) ಮಾಡಿದರು. ಬಿಳಿಯ ಬಿ4 ಕಾಲಾಳು ಆಗಲೇ ಅದೇ ಕಡೆಗೆ ಹೊರಟಿತ್ತು, 17ರಲ್ಲಿ ಸ್ಪಾಸ್ಕಿ ಎ4 ಕೂಡ ತಳ್ಳಿದರು. ಬೆಂಕಿಯ ಪಕ್ಕದಲ್ಲೇ ಮನೆ ಕಟ್ಟಿದಂತಿದೆ ಅಲ್ಲವೇ? ಉತ್ತರ ಎರಡೇ ಸಣ್ಣ ನಡೆಗಳಲ್ಲಿ ಬಂತು: ಸಿ4, ಮತ್ತೆ ಎ6. ಈಗ ಬಿಳಿ ಎ5 ತಳ್ಳಿದರೆ ಕಪ್ಪು ಬಿ5, ಬಿಳಿ ಬಿ5 ತಳ್ಳಿದರೆ ಕಪ್ಪು ಎ5. ಯಾವ ಕಡೆಯಿಂದ ಬಂದರೂ ಬಾಗಿಲು ಮುಚ್ಚಿಕೊಳ್ಳುತ್ತದೆ. 22ರಲ್ಲಿ ಸ್ಪಾಸ್ಕಿ ಎ5 ಆಡಿದರು, ಬಿ5 ಬಂತು, ಆ ಕಡೆಯ ಕಥೆ ಮುಗಿಯಿತು.

ಅಷ್ಟರಲ್ಲಿ ಕಪ್ಪಿನ ಎರಡೂ ಆನೆ ಜಿ ಫೈಲಿನಲ್ಲಿ, ಒಂದು ಜಿ4ರಲ್ಲೇ. ಬಿಳಿ ಕುದುರೆ ಎಚ್2ಕ್ಕೆ ಹೋಗಿ ಅದನ್ನು ಕೆಣಕಿತು. ಪೆಟ್ರೋಸಿಯನ್ ಆನೆ ಸರಿಸಲಿಲ್ಲ. ಡಿ7ರ ಕುದುರೆಯಿಂದ ಇ5ರ ಕಾಲಾಳನ್ನು ಹೊಡೆದರು. ಬಿಳಿ ಕುದುರೆ ಜಿ4ರ ಆನೆಯನ್ನು ಹೊಡೆಯಿತು, ಎಚ್ ಕಾಲಾಳು ಕುದುರೆಯನ್ನು ಹೊಡೆಯಿತು. ಬಿಳಿಯ ನಡುವಿನ ಕಂಬವಾಗಿದ್ದ ಇ5 ಇಲ್ಲ, ಕಪ್ಪಿನ ಕಾಲಾಳುಗಳ ಸಾಲು ಇ, ಎಫ್, ಜಿ, ಎಚ್ ಫೈಲುಗಳಲ್ಲಿ ಇಳಿದು ಬರುತ್ತಿದೆ. ಎಲ್ಲ ಮುಚ್ಚಿರುವ ಬೋರ್ಡಿನಲ್ಲಿ ಹೆಚ್ಚುವರಿ ಎಕ್ಸ್‌ಚೇಂಜ್ ಇಟ್ಟುಕೊಂಡು ಬಿಳಿ ಮಾಡಬೇಕಾದದ್ದೇನು? 43ನೆಯ ನಡೆಯಲ್ಲಿ ಸ್ಪಾಸ್ಕಿ ಸೋಲೊಪ್ಪಿದರು.

ಅದೇ ಪಂದ್ಯದ ಹತ್ತನೆಯ ಆಟದಲ್ಲಿ ಬಿಳಿ ಪೆಟ್ರೋಸಿಯನ್. ಕಪ್ಪು ಒಂಟೆ ಎಚ್3ಕ್ಕೆ ಬಂದು ಎಫ್1ರ ಆನೆಗೆ ಗುರಿಯಿಟ್ಟಿತು. 21ರಲ್ಲಿ ಪೆಟ್ರೋಸಿಯನ್ ಕುದುರೆಯನ್ನು ಇ3ಕ್ಕೆ ತಂದು ಆನೆಯನ್ನು ಬಿಟ್ಟುಕೊಟ್ಟರು. ಒಂಟೆ ಆನೆಯನ್ನು ತಿಂದಿತು, ಇನ್ನೊಂದು ಆನೆ ಒಂಟೆಯನ್ನು ತಿಂದಿತು. 24ರಲ್ಲಿ ಉಳಿದ ಆ ಆನೆಯನ್ನೂ ಎಫ್4ರ ಕುದುರೆಗೆ ಕೊಟ್ಟರು. ಎರಡು ಆನೆ ಹೋದವು. ಬಂದದ್ದು ಒಂದು ಒಂಟೆ, ಒಂದು ಕುದುರೆ. ಆದರೆ ಕಪ್ಪಿನ ಇನ್ನೊಂದು ಕುದುರೆ ಎಂಟನೆಯ ನಡೆಯಿಂದ ಎ5ರ ಅಂಚಿನಲ್ಲೇ ಕೂತಿದೆ, ರಾಜನ ಹತ್ತಿರಕ್ಕೆ ಬರಲು ಅದಕ್ಕೆ ಪುರುಸೊತ್ತಿಲ್ಲ. ರಾಜನ ಸುತ್ತ ನಡೆಯುವ ಜಗಳದಲ್ಲಿ ಬಿಳಿಯ ರಾಣಿ, ಒಂಟೆ, ಎರಡು ಕುದುರೆ ಎಲ್ಲವೂ ಭಾಗಿ. 29ರಲ್ಲಿ ಒಂಟೆ ಎಫ್7ರ ಆನೆಯನ್ನು ಹೊಡೆಯಿತು, ಇನ್ನೊಂದು ಆನೆ ಒಂಟೆಯನ್ನು ಹೊಡೆದು ಎಫ್7ರಲ್ಲಿ ನಿಂತಿತು. 30ರಲ್ಲಿ ರಾಣಿ ಎಚ್8, ಚೆಕ್! ರಾಜ ರಾಣಿಯನ್ನು ಹೊಡೆಯಲೇಬೇಕು. ಹೊಡೆದರೆ ಡಿ6ರ ಕುದುರೆ ಎಫ್7ರ ಆನೆಯನ್ನು ತಿಂದು ಚೆಕ್ ಕೊಡುತ್ತದೆ, ಜೊತೆಗೆ ಜಿ5ರ ರಾಣಿಯನ್ನೂ ಹಿಡಿಯುತ್ತದೆ. ಸ್ಪಾಸ್ಕಿ ಅಲ್ಲೇ ಕೈ ಚೆಲ್ಲಿದರು. ರಕ್ಷಣೆ ಬಿಟ್ಟರೆ ಇವರಿಗೆ ಏನೂ ಬರುವುದಿಲ್ಲ ಎನ್ನುವವರಿಗೆ ಈ ಆಟ ತೋರಿಸಬೇಕು. ಎದುರಾಳಿಯ ಯುಕ್ತಿಗಳನ್ನು ಹುಟ್ಟುವ ಮೊದಲೇ ಕಾಣುವವನ ಕಣ್ಣಿಗೆ ತನ್ನ ಯುಕ್ತಿ ಕಾಣದೆ ಇರುತ್ತದೆಯೇ?

ಇದನ್ನು ನೋಡಿ ಕ್ಲಬ್ ಆಟಗಾರರು ಆನೆ ಕೊಡಲು ಹೊರಡುತ್ತಾರೆ, ಸೋಲುತ್ತಾರೆ. ಕಾರಣಗಳು ಹೆಚ್ಚು ಕಡಿಮೆ ಒಂದೇ. ಮೊದಲನೆಯದಾಗಿ, ಕೊಡುವ ಮುಂಚೆ ಎದುರಾಳಿಯ ಆನೆಗಳಿಗೆ ತೆರೆದ ಫೈಲು ಇದೆಯೇ ಎಂದು ನೋಡಿರುವುದಿಲ್ಲ. ಇದ್ದರೆ ಐದು ಐದೇ, ಮೂರು ಮೂರೇ. ಜ್ಯೂರಿಕ್ ಆಟದಲ್ಲಿ ಇ ಫೈಲು ಮುಚ್ಚಿತ್ತು, ಎಫ್ ಫೈಲು ಮಾತ್ರ ಬಿಳಿಗೆ ಸಿಕ್ಕಿತು, ರೆಶೆವ್ಸ್ಕಿ ಅದರ ಮೇಲೆಯೇ ಬದುಕಿದರು. ಇನ್ನೊಂದು, ತೆಗೆದುಕೊಳ್ಳುವ ಕಾಯಿ ಯಾವುದು ಎಂಬುದು. ನಿಮ್ಮ ಕುದುರೆ ಕೂರಬೇಕಾದ ಮನೆಯ ಬಣ್ಣದ ಒಂಟೆಯನ್ನೇ ತೆಗೆಯಬೇಕು. ರೆಶೆವ್ಸ್ಕಿಯವರ ಬಿ2ರ ಒಂಟೆಯನ್ನು ತೆಗೆದಿದ್ದರೆ ಡಿ5ರ ಕುದುರೆ ಮರುನಡೆಗೇ ಹೋಗುತ್ತಿತ್ತು. ಮೂರನೆಯದು ತುಂಬ ಜನ ಮಾಡುವ ತಪ್ಪು: ಎಕ್ಸ್‌ಚೇಂಜ್ ಕೊಟ್ಟ ಮೇಲೆ ಉಳಿದ ಒಂದು ಆನೆಯನ್ನು ಬದಲಾಯಿಸಿಕೊಳ್ಳುವುದು. ಆಗ ಬೋರ್ಡಿನ ಮೇಲೆ ಒಂದೇ ಆನೆ, ಅದೂ ಎದುರಾಳಿಯದು, ಅದಕ್ಕೆ ಎದುರು ನಿಲ್ಲುವವರಿಲ್ಲ. ನಿಮ್ಮ ಆನೆಯನ್ನು ಇಟ್ಟುಕೊಳ್ಳಿ. ಕೊಟ್ಟವರೇ ಆಮೇಲೆ ಆತುರಕ್ಕೆ ಬಿದ್ದು ಕಾಲಾಳು ಬದಲಾಯಿಸಿ ಫೈಲು ತೆರೆಯುವುದೂ ಇದೆ. ಮುಚ್ಚಿಟ್ಟರೆ ಮಾತ್ರ ಬೆಲೆ ಇರುವ ಸ್ಥಿತಿಯನ್ನು ತಾವೇ ಬಿಚ್ಚಿಕೊಳ್ಳುತ್ತಾರೆ.

ಆತುರ ಎಂದಾಗ 1960ರ ಹ್ಯಾಂಬರ್ಗ್ ನೆನಪಾಗುತ್ತದೆ, ವುಲ್ಫ್‌ಗ್ಯಾಂಗ್ ಉಂಜಿಕರ್ ಎದುರಿನ ಆಟ. ಪೆಟ್ರೋಸಿಯನ್ ಬಿಳಿ, ಸ್ಥಿತಿ ಪೂರ್ತಿ ಅವರ ಹಿಡಿತದಲ್ಲಿ. ರಾಜನ ಕಡೆಯಲ್ಲಿ ಕಾಲಾಳು ತಳ್ಳಿ ದಾಳಿ ಮಾಡಬಹುದು. ಆದರೆ ಅವರ ರಾಜನೂ ಅಲ್ಲೇ ಜಿ1ರಲ್ಲಿ ಇದ್ದಾನೆ. ತಳ್ಳಿದರೆ ತಮ್ಮ ಸೂರೇ ಬಿಚ್ಚಿಕೊಳ್ಳುತ್ತದೆ. 29ರಲ್ಲಿ ರಾಜ ಎಫ್1ಕ್ಕೆ ಹೊರಟ. ಇ1, ಡಿ1, ಸಿ1, ಬಿ1. ಕಪ್ಪು ರಾಜನನ್ನು ಜಿ8, ಎಚ್7 ಎಂದು ಅತ್ತಿತ್ತ ಸರಿಸುವುದನ್ನು ಬಿಟ್ಟು ಬೇರೇನೂ ಮಾಡುವಂತಿಲ್ಲ. ಆ ಮೇಲೆ ಎಫ್4, ಜಿ4. ದಾಳಿಯ ನಡುವೆಯೇ ರಾಜ ಇನ್ನೊಂದು ಹೆಜ್ಜೆ ಎ2ಕ್ಕೆ. ಬೋರ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ರಾಜನನ್ನು ನಡೆಸಿ, ಅವನು ಬಿಟ್ಟು ಬಂದ ಕಡೆ ಬಾಗಿಲು ಒಡೆದರು. ಎದುರಾಳಿಗೆ ಆಡಲು ಏನೂ ಇಲ್ಲದಾಗ ನಮಗೆ ಅವಸರ ಯಾಕೆ?

1963ರಲ್ಲಿ ಮಿಖಾಯಿಲ್ ಬೋತ್ವಿನ್ನಿಕ್ ಅವರಿಂದ ಪಟ್ಟ ಕಸಿದುಕೊಂಡದ್ದೂ ಹೀಗೇ. ಮೊದಲ ಆಟವನ್ನೇ ಪೆಟ್ರೋಸಿಯನ್ ಸೋತರು. ಐದನೆಯ ಆಟದಲ್ಲಿ ಹತ್ತನೆಯ ನಡೆಯೊಳಗೆ ರಾಣಿಗಳನ್ನು ಬದಲಾಯಿಸಿ, ರಾಜನನ್ನು ಕ್ಯಾಸ್ಲಿಂಗ್ ಮಾಡದೆ ಇ2ಕ್ಕೆ ತಂದು, ಕಪ್ಪಿನ ಒಂಟಿ ಇ6 ಕಾಲಾಳಿನ ಬೆನ್ನು ಹತ್ತಿದರು. ಸಣ್ಣ ಹೆಚ್ಚುಗಾರಿಕೆ, ಅಪಾಯವಿಲ್ಲ, ಬೋತ್ವಿನ್ನಿಕ್ ಅವರಿಗೆ ದಾಳಿಗೆ ಅವಕಾಶವಿಲ್ಲ. ಐವತ್ತೊಂದರ ಬೋತ್ವಿನ್ನಿಕ್ ಎದುರು ಇಂಥ ಗಂಟೆಗಟ್ಟಲೆಯ ಆಟವೇ ಸರಿಯಾದ ಆಯುಧ. 22 ಆಟಗಳಲ್ಲಿ ಐದು ಗೆಲುವು, ಎರಡು ಸೋಲು, 15 ಡ್ರಾ. 12.5–9.5. ಯೆರೆವಾನ್‌ನಲ್ಲಿ ಜನ ಚೌಕದಲ್ಲಿ ನಿಂತು ದೊಡ್ಡ ಬೋರ್ಡುಗಳಲ್ಲಿ ನಡೆಗಳನ್ನು ನೋಡಿದರು. 1966ರಲ್ಲಿ ಸ್ಪಾಸ್ಕಿ ಎದುರು 12.5–11.5ರಿಂದ ಪಟ್ಟ ಉಳಿಸಿಕೊಂಡರು. ಚಾಂಪಿಯನ್ ಒಬ್ಬರು ಪಟ್ಟದ ಪಂದ್ಯವನ್ನು ಗೆದ್ದೇ ಉಳಿಸಿಕೊಂಡದ್ದು 1934ರಲ್ಲಿ ಅಲೆಖಿನ್ ನಂತರ ಇದೇ ಮೊದಲು. ನಡುವೆ ಬೋತ್ವಿನ್ನಿಕ್ ಎರಡು ಸಲ ಡ್ರಾ ಮಾಡಿಕೊಂಡು ಪಟ್ಟ ಉಳಿಸಿಕೊಂಡಿದ್ದರು.

ದೂರುಗಳೂ ಇವೆ, ಅವು ಸುಳ್ಳಲ್ಲ. 1955ರ ಸೋವಿಯತ್ ಚಾಂಪಿಯನ್‌ಶಿಪ್‌ನಲ್ಲಿ 19 ಆಟ, ಒಂದೂ ಸೋಲಿಲ್ಲ, ಗೆಲುವು ನಾಲ್ಕೇ, ಉಳಿದ 15 ಡ್ರಾ. ಸೋಲದೆಯೂ ಚಾಂಪಿಯನ್ ಆಗದಿರುವುದು ಹೇಗೆ ಎಂಬುದಕ್ಕೆ ಅದು ಪಾಠ. 1962ರ ಕುರಾಸಾವ್ ಕ್ಯಾಂಡಿಡೇಟ್ಸ್‌ನಲ್ಲಿ 27 ಆಟಗಳಲ್ಲಿ ಎಂಟು ಗೆಲುವು, 19 ಡ್ರಾ, 17.5 ಅಂಕ. ಸೋವಿಯತ್ ಜೊತೆಗಾರರಾದ ಕೆರೆಸ್ ಮತ್ತು ಗೆಲ್ಲರ್ ಅರ್ಧ ಅಂಕ ಹಿಂದೆ. ಈ ಮೂವರ ನಡುವಿನ 12 ಆಟಗಳೂ ಡ್ರಾ. ನಾಲ್ಕನೆಯ ಸ್ಥಾನದ ಬಾಬಿ ಫಿಶರ್, ಸೋವಿಯತ್ ಆಟಗಾರರು ಒಳಗೊಳಗೆ ಒಪ್ಪಂದ ಮಾಡಿಕೊಂಡಿದ್ದರೆಂದು ಬಹಿರಂಗವಾಗಿ ಆರೋಪಿಸಿದರು. ಮುಂದಿನ ಸರದಿಯಿಂದ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ ಕ್ಯಾಂಡಿಡೇಟ್ಸ್ ಅನ್ನು ಟೂರ್ನಿಯ ಬದಲು ನಾಕೌಟ್ ಪಂದ್ಯಗಳಾಗಿ ಬದಲಾಯಿಸಿತು. ನನ್ನ ಅಭಿಪ್ರಾಯ: ಎರಡು ತಿಂಗಳ, ಉಷ್ಣ ಪ್ರದೇಶದ ಟೂರ್ನಿಯಲ್ಲಿ ಶಕ್ತಿ ಉಳಿಸಿಕೊಂಡವರು ಗೆದ್ದರು. ನೋಡುವವರಿಗೆ ಅದು ರುಚಿಸಬೇಕೆಂದೇನಿಲ್ಲ.

ಎದುರಾಳಿಯ ಆಸೆಗಳ ಮೇಲೆ ಕಣ್ಣಿಟ್ಟವನಿಗೂ ತನ್ನ ಮನೆಯ ಹೊಸ್ತಿಲು ಕಾಣದೆ ಹೋಗುವುದುಂಟು. 1956ರ ಆಂಸ್ಟರ್‌ಡ್ಯಾಮ್ ಕ್ಯಾಂಡಿಡೇಟ್ಸ್‌ನಲ್ಲಿ ಡೇವಿಡ್ ಬ್ರಾನ್‌ಸ್ಟೈನ್ ಎದುರು ಬಿಳಿಯ ಸ್ಥಿತಿ ಎಷ್ಟು ಗಟ್ಟಿಯಾಗಿತ್ತೆಂದರೆ ಕಪ್ಪಿಗೆ ಕುದುರೆಯೊಂದನ್ನು ಬಿಟ್ಟು ಓಡಾಡಲು ಇನ್ನೇನೂ ಇರಲಿಲ್ಲ. ಆ ಕುದುರೆ ಎಫ್5ಕ್ಕೆ ಬಂದು ಡಿ6ರಲ್ಲಿದ್ದ ರಾಣಿಯನ್ನು ಗುರಿ ಮಾಡಿತು. 36ರಲ್ಲಿ ಪೆಟ್ರೋಸಿಯನ್ ಬೇರೆ ಕಡೆ ಕುದುರೆ ಸರಿಸಿದರು. ರಾಣಿ ಹೋಯಿತು, ಆಟ ಮುಗಿಯಿತು. ಎದುರಾಳಿಯ ಕೈಯಲ್ಲಿ ಏನೂ ಉಳಿದಿಲ್ಲ ಎಂದು ಮನಸ್ಸು ತೀರ್ಮಾನಿಸಿದ ಕ್ಷಣದಲ್ಲೇ, ಅವನು ಏನು ಆಡಲು ಇಷ್ಟಪಡುತ್ತಾನೆ ಎಂಬ ಪ್ರಶ್ನೆ ಕೇಳುವುದು ನಿಂತುಹೋಗುತ್ತದೆ.

1969ರಲ್ಲಿ ಸ್ಪಾಸ್ಕಿ 12.5–10.5ರಿಂದ ಪಟ್ಟ ತೆಗೆದುಕೊಂಡರು. 1971ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಫಿಶರ್ ಎದುರು ಎರಡನೆಯ ಆಟ ಗೆದ್ದು ಅವರ ಸತತ ಗೆಲುವಿನ ಸರಣಿಯನ್ನು ನಿಲ್ಲಿಸಿದರು. ನಂತರ ಮೂರು ಡ್ರಾ, ಆಮೇಲೆ ನಾಲ್ಕು ಸೋಲು, 6.5–2.5. ಏಳನೆಯ ಆಟವನ್ನು ಬಿಡುವಾದಾಗ ನೋಡಿ. ಫಿಶರ್ ಸಿ5ರಲ್ಲಿ ಮೆರೆಯುತ್ತಿದ್ದ ತಮ್ಮ ಕುದುರೆಯನ್ನು ಡಿ7ರ ಕೆಟ್ಟ ಒಂಟೆಗೆ ಬದಲಾಯಿಸಿದರು. ನೋಡಿದವರಿಗೆ ಅಚ್ಚರಿ. ಆದರೆ ಕಾಯಿಯ ಬೆಲೆ ಅಂದದಲ್ಲಿಲ್ಲ, ಅದು ಬಿಟ್ಟುಕೊಡುವ ದಾರಿಯಲ್ಲಿದೆ ಎಂಬ ಪೆಟ್ರೋಸಿಯನ್ ಬುದ್ಧಿಯೇ ಅದು. ಅವರ ಮೇಲೆಯೇ ಪ್ರಯೋಗವಾಯಿತು.

ದೇಶಗಳ ತಂಡಗಳು ಆಡುವ ಒಲಿಂಪಿಯಾಡ್‌ನ ದಾಖಲೆಯ ಮುಂದೆ ಮಾತ್ರ ಯಾರ ದೂರೂ ನಿಲ್ಲುವುದಿಲ್ಲ. 1958ರಿಂದ 1978ರವರೆಗೆ ಹತ್ತು ಒಲಿಂಪಿಯಾಡ್, 129 ಆಟ, 78 ಗೆಲುವು, 50 ಡ್ರಾ. ಒಂದೇ ಸೋಲು, 1972ರಲ್ಲಿ ಸ್ಕೋಪ್ಯೆಯಲ್ಲಿ ರಾಬರ್ಟ್ ಹ್ಯೂಬ್ನರ್ ಎದುರು, ಗಡಿಯಾರದ ಬಾವುಟ ಬಿದ್ದು, ಅಂದರೆ ಸಮಯ ಮುಗಿದು. ಇದೇ ಹ್ಯೂಬ್ನರ್ ಹಿಂದಿನ ವರ್ಷ ಸೆವಿಲ್ಲೆಯ ಕ್ಯಾಂಡಿಡೇಟ್ಸ್ ಪಂದ್ಯದಲ್ಲಿ ಬೀದಿಯ ಗದ್ದಲ ಸಹಿಸಲಾಗದೆ ಒದ್ದಾಡಿ, ಏಳನೆಯ ಆಟ ಸೋತ ಮೇಲೆ ಪಂದ್ಯವನ್ನೇ ಬಿಟ್ಟು ಹೋಗಿದ್ದರು. ಪೆಟ್ರೋಸಿಯನ್ ಅವರಿಗೆ ಆ ತೊಂದರೆ ಇರಲಿಲ್ಲ, ಕಿವಿಯ ಯಂತ್ರ ಆರಿಸಿಬಿಟ್ಟಿದ್ದರು.

ಕೊನೆಯ ವರ್ಷಗಳಿಂದ ಒಂದೇ ಆಟ. 1981ರ ಟಿಲ್ಬರ್ಗ್‌ನಲ್ಲಿ ಹದಿನೆಂಟರ ಗ್ಯಾರಿ ಕಾಸ್ಪರೊವ್ ಬಿಳಿ ಕಾಯಿಯಲ್ಲಿ ಸುತ್ತುವರಿದು ಬಂದರು. 52ರ ಪೆಟ್ರೋಸಿಯನ್ ಅವರ ರಾಜ ಓಡಲಿಲ್ಲ, ಸಿ6ಕ್ಕೆ ಹೆಜ್ಜೆಯಿಟ್ಟು ದಾಳಿಯ ಮಧ್ಯದಲ್ಲೇ ನಿಂತ. ಗೆದ್ದದ್ದು ಕಪ್ಪು. ಆ ವರ್ಷಗಳಲ್ಲೇ ಕಾಸ್ಪರೊವ್ ಕ್ವೀನ್ಸ್ ಇಂಡಿಯನ್ ಎದುರು ನಾಲ್ಕನೆಯ ನಡೆ ಎ3 ಆಡಲು ಹಿಡಿದರು. ಮೂಲೆಯ ಕಾಲಾಳು ಒಂದು ಮನೆ, ಕಪ್ಪು ಒಂಟೆಗೆ ಬಿ4 ಇಲ್ಲ. ಆದರೆ ಕಾಸ್ಪರೊವ್ ಬಿಳಿಯಲ್ಲಿ ಡಿ5 ತಳ್ಳುತ್ತಿದ್ದದ್ದು ಕಾಯಲು ಅಲ್ಲ, ಕಾಲಾಳು ಕೊಟ್ಟಾದರೂ ರಾಜನ ಮೇಲೆ ಬೀಳಲು.